ಎಡಿಟರ್‌ನ ಎನ್‌ಕೋಡಿಂಗ್ ಕೋಡ್‌ನಲ್ಲಿ ಪಾಯಿಂಟರ್ ದೋಷ: ಹುಡುಕೋದು, ಸರಿಪಡಿಸೋದು ಹೇಗೆ

ಕನ್ನಡ ಫೈಲ್ ತೆರೆದ ಕೂಡಲೇ ಎಡಿಟರ್ ಕ್ರ್ಯಾಶ್ ಆಗುತ್ತದೆ. ಡೀಬಗರ್ ಒಂದು ಸಾಲು ತೋರಿಸುತ್ತದೆ. ಆ ಸಾಲಿಗೆ ಮುಂಚೆ, ಪಾಯಿಂಟರ್ (ಮೆಮೊರಿಯ ವಿಳಾಸ) ಖಾಲಿ ಇದೆಯಾ ಅಂತ ನೋಡುವ ಒಂದು ನಲ್ ಚೆಕ್ ಹಾಕಿ, ಮತ್ತೆ ಓಡಿಸಿ, ಕ್ರ್ಯಾಶ್ ನಿಂತಿತು ಅಂತ ಪ್ಯಾಚ್ ಕಳಿಸಿಬಿಡುತ್ತಾರೆ. ಸ್ವಲ್ಪ ದಿನಕ್ಕೆ ಬೇರೆ ಫೈಲ್, ಬೇರೆ ಸಾಲು, ಅದೇ ಗೋಳು.

ಎಡವುವವರೆಲ್ಲ ಎಡವುವುದು ಒಂದೇ ಕಡೆ. ಕ್ರ್ಯಾಶ್ ಆದ ಸಾಲನ್ನೇ ತಪ್ಪಿನ ಸಾಲು ಅಂದುಕೊಳ್ಳುತ್ತಾರೆ. ಎನ್‌ಕೋಡಿಂಗ್ ಕೋಡ್‌ನಲ್ಲಿ, ಅಂದರೆ ಬೈಟನ್ನು ಅಕ್ಷರಕ್ಕೂ ಅಕ್ಷರವನ್ನು ಬೈಟ್‌ಗೂ ಬದಲಿಸುವ ಕೋಡ್‌ನಲ್ಲಿ, ಅವೆರಡೂ ಒಂದೇ ಆಗಿರುವುದು ಅಪರೂಪ. ತಪ್ಪು ಹುಟ್ಟುವುದು ಬಫರ್‌ನ (ಪಠ್ಯ ಇಡುವ ಮೆಮೊರಿಯ ಜಾಗದ) ಅಳತೆ ಲೆಕ್ಕ ಹಾಕಿದ ಕಡೆ, ಇಲ್ಲವೇ ಪಾಯಿಂಟರನ್ನು ಎತ್ತಿಟ್ಟುಕೊಂಡ ಕಡೆ. ಅದು ಕಣ್ಣಿಗೆ ಬೀಳುವುದು ಇನ್ನೆಲ್ಲೋ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕೋಡ್ ತಿದ್ದುವುದು ಆರನೇ ಹಂತದಲ್ಲಿ, ಅದಕ್ಕೆ ಮೊದಲು ಬೇಡ.

ಇಲ್ಲಿ ಹೇಳುವುದೆಲ್ಲ ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಎಡಿಟರ್‌ಗಳಿಗೆ. ಉದಾಹರಣೆಗಳನ್ನು ವಿಮ್, ಈಮ್ಯಾಕ್ಸ್, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗಳಿಂದ ತೆಗೆದುಕೊಂಡಿದ್ದೇನೆ.

## ಮೊದಲು ಬೇಕಾದ ಸಾಮಾನು

ಕ್ಲಾಂಗ್ ಅಥವಾ ಜಿಸಿಸಿ ಕಂಪೈಲರ್. ಮೆಮೊರಿಯ ತಪ್ಪು ಬಳಕೆಯನ್ನು ಪ್ರೋಗ್ರಾಂ ಓಡುವಾಗಲೇ ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಎರಡರಲ್ಲೂ ಇದೆ, ಈಗಿನ ವಿಶುವಲ್ ಸ್ಟುಡಿಯೋದಲ್ಲೂ ಇದೆ. ಜೊತೆಗೆ ಜಿಡಿಬಿ ಡೀಬಗರ್, ಬೈಟ್‌ಗಳನ್ನು ಬಿಡಿಬಿಡಿಯಾಗಿ ನೋಡಲು ಒಂದು ಹೆಕ್ಸ್ ವ್ಯೂವರ್, ಟೆಸ್ಟ್ ಫೈಲ್ ತಯಾರಿಸಲು ಪೈಥಾನ್. ಲಿನಕ್ಸ್‌ನಲ್ಲಿದ್ದರೆ ಇದೇ ಕೆಲಸದ ಇನ್ನೊಂದು ಸಾಧನ ವ್ಯಾಲ್‌ಗ್ರೈಂಡ್ ಕೂಡ ಇಟ್ಟುಕೊಳ್ಳಿ. ಅದು ತುಂಬಾ ನಿಧಾನ, ಆದರೆ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಲು ಆಗದ ಲೈಬ್ರರಿ ಇದ್ದಾಗ ಅದೇ ಗತಿ. ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಹೊಂದುವುದಿಲ್ಲ.

## ಹಂತ 1: ತಪ್ಪು ಅಡಗಿಕೊಳ್ಳದಂತೆ ಬಿಲ್ಡ್ ಮಾಡಿ

ಅಡ್ರೆಸ್ ಸ್ಯಾನಿಟೈಸರ್ ಮತ್ತು ಭಾಷೆಯ ನಿಯಮ ಮೀರಿದ್ದನ್ನು ಹಿಡಿಯುವ ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್ ಎರಡನ್ನೂ ಆನ್ ಮಾಡಿ. ಡೀಬಗ್ ಮಾಹಿತಿ ಸೇರಿಸಿ. ಆಪ್ಟಿಮೈಸೇಶನ್ ಲೆವೆಲ್ 1 ಸಾಕು. ಫ್ರೇಮ್ ಪಾಯಿಂಟರ್ ಉಳಿಸುವ ಆಯ್ಕೆಯನ್ನೂ ಕೊಡಿ, ಇಲ್ಲದಿದ್ದರೆ ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ಅರ್ಧಕ್ಕೇ ನಿಲ್ಲಬಹುದು. ಎಡಿಟರ್ ಸುಮಾರು ಎರಡು ಪಟ್ಟು ನಿಧಾನ ಆಗುತ್ತದೆ, ಪರವಾಗಿಲ್ಲ.

ಇಷ್ಟಕ್ಕೇ ನಿಲ್ಲಿಸುವವರು ಜಾಸ್ತಿ. ಆದರೆ ಎಡಿಟರ್‌ಗಳಿಗೆ ಇನ್ನೆರಡು ಕೆಲಸ ಬೇಕು.

ಒಂದು, ಗ್ಯಾಪ್ ಬಫರ್. ತುಂಬಾ ಎಡಿಟರ್‌ಗಳು ಪಠ್ಯವನ್ನು ಒಂದೇ ದೊಡ್ಡ ಬ್ಲಾಕ್‌ನಲ್ಲಿ ಇಟ್ಟು, ಕರ್ಸರ್ ಇರುವ ಕಡೆ ಖಾಲಿ ಜಾಗ ಬಿಟ್ಟಿರುತ್ತವೆ. ಆ ಖಾಲಿ ಜಾಗವೂ ಅದೇ ಬ್ಲಾಕ್‌ನ ಒಳಗೇ ಇರುವುದರಿಂದ, ಅಲ್ಲಿನ ಕಸವನ್ನು ಓದಿದರೂ ಸ್ಯಾನಿಟೈಸರ್‌ಗೆ ಗೊತ್ತಾಗುವುದಿಲ್ಲ. ಸ್ಯಾನಿಟೈಸರ್ ಜೊತೆ ಬರುವ ಹೆಡರ್‌ನಲ್ಲಿ ಮೆಮೊರಿಯ ಒಂದು ಭಾಗಕ್ಕೆ ‘ಪಾಯ್ಸನ್’ ಹಾಕುವ ಮ್ಯಾಕ್ರೋ ಇದೆ. ಗ್ಯಾಪ್ ಸರಿದಾಗಲೆಲ್ಲ ಹಳೆಯ ಜಾಗದಿಂದ ಅದನ್ನು ತೆಗೆದು ಹೊಸ ಜಾಗಕ್ಕೆ ಹಾಕಿ. ಆಮೇಲೆ ಗ್ಯಾಪ್ ಒಳಗೆ ಕೈ ಹಾಕಿದವರು ಹೆಚ್ಚಾಗಿ ಅಲ್ಲೇ ಸಿಕ್ಕಿಬೀಳುತ್ತಾರೆ.

ಎರಡು, ಬಫರ್ ಬೆಳೆಯುವ ಅಳತೆ. ಬಿಡುಗಡೆ ಬಿಲ್ಡ್‌ನಲ್ಲಿ ಬಫರ್ ಒಮ್ಮೆಲೇ ಸಾವಿರಾರು ಬೈಟ್ ಬೆಳೆಯುತ್ತದೆ. ಹಾಗಾಗಿ ಜಾಗ ಬದಲಾಗುವುದು ಯಾವಾಗಲೋ ಒಮ್ಮೆ, ತಪ್ಪು ಕಾಣುವುದೂ ಯಾವಾಗಲೋ ಒಮ್ಮೆ. ಡೀಬಗ್ ಬಿಲ್ಡ್‌ನಲ್ಲಿ ಗ್ಯಾಪನ್ನು 1 ಬೈಟ್‌ಗೆ ಇಳಿಸಿ. ಆಗ ಹೆಚ್ಚುಕಡಿಮೆ ಪ್ರತಿ ಅಕ್ಷರಕ್ಕೂ ರೀಅಲಾಕ್ (ಬಫರ್‌ಗೆ ಹೊಸ ಅಳತೆಯ ಜಾಗ ಕೇಳುವುದು) ಆಗುತ್ತದೆ. ಸ್ಯಾನಿಟೈಸರ್‌ನ ರೀಅಲಾಕ್ ಯಾವಾಗಲೂ ಹೊಸ ಜಾಗವನ್ನೇ ಕೊಡುತ್ತದೆ. ಹಳೆಯ ಪಾಯಿಂಟರ್ ಹಿಡಿದುಕೊಂಡ ಕೋಡ್ ಮೊದಲ ಸಲವೇ ಬೀಳುತ್ತದೆ.

## ಹಂತ 2: ಸರಿಯಾದ ಟೆಸ್ಟ್ ಫೈಲ್ ಮಾಡಿಕೊಳ್ಳಿ

ಇಂಗ್ಲಿಷ್ ಫೈಲ್ ಇಟ್ಟುಕೊಂಡು ಪರೀಕ್ಷೆ ಮಾಡಿದರೆ ಈ ತಪ್ಪುಗಳು ಕಾಣುವುದೇ ಇಲ್ಲ. ಯುಟಿಎಫ್-16, ಯುಟಿಎಫ್-8 ಎರಡೂ ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿಗಳು. ಯುಟಿಎಫ್-16ರಲ್ಲಿ ಇಂಗ್ಲಿಷ್ ಅಕ್ಷರ 2 ಬೈಟ್, ಯುಟಿಎಫ್-8ಕ್ಕೆ ಬಂದರೆ 1 ಬೈಟ್. ಅಂದರೆ ಪಠ್ಯ ಕುಗ್ಗುತ್ತದೆ, ಬಫರ್‌ನಲ್ಲಿ ಜಾಗ ಮಿಗುತ್ತದೆ. ಕನ್ನಡದ್ದು ಉಲ್ಟಾ. ‘ಕ’ ಯುಟಿಎಫ್-16ರಲ್ಲಿ 2 ಬೈಟ್, ಯುಟಿಎಫ್-8ರಲ್ಲಿ 224, 178, 149 ಅಂತ 3 ಬೈಟ್. ಯುಟಿಎಫ್-16ರಿಂದ ಯುಟಿಎಫ್-8ಕ್ಕೆ ಹೋಗುವಾಗ ಇದಕ್ಕಿಂತ ಜಾಸ್ತಿ ಹಿಗ್ಗುವ ಅಕ್ಷರವೇ ಇಲ್ಲ. ಹೆಚ್ಚಿನ ಇಮೋಜಿಗಳು ಕೂಡ 4 ಬೈಟ್‌ನಿಂದ 4 ಬೈಟ್‌ಗೆ ಹೋಗುತ್ತವೆ, ಹಿಗ್ಗುವುದಿಲ್ಲ. ನಮ್ಮ ಲಿಪಿಯ ಒಂದು ಸಾದಾ ಫೈಲೇ ಈ ಕೋಡ್‌ಗೆ ಅತಿ ಕಠಿಣ ಪರೀಕ್ಷೆ. ಇದನ್ನು ನಾವು ಪೂರ್ತಿ ಬಳಸಿಕೊಳ್ಳಬೇಕು.

ಕನಿಷ್ಠ ಇಷ್ಟು ಫೈಲ್ ಬೇಕು:

- ಬರೀ ‘ಕ’ ತುಂಬಿದ ಯುಟಿಎಫ್-8 ಫೈಲ್, ಎಡಿಟರ್ ಒಮ್ಮೆಗೆ ಓದುವ ತುಂಡಿಗಿಂತ ದೊಡ್ಡದು. ತುಂಡು 4096 ಬೈಟ್ ಅಂದರೆ 1365 ಅಕ್ಷರಕ್ಕೆ 4095 ಬೈಟ್ ಆಗಿ, ಕೊನೆಯ 1 ಬೈಟ್‌ನಲ್ಲಿ ಮುಂದಿನ ಅಕ್ಷರದ ತಲೆ ಮಾತ್ರ ಉಳಿಯುತ್ತದೆ. ನಮಗೆ ಬೇಕಾದ್ದು ಅದೇ.
- 224, 178 ಎರಡೇ ಬೈಟ್ ಇದ್ದು ಅಲ್ಲಿಗೇ ಮುಗಿಯುವ ಫೈಲ್.
- 178ರಿಂದ ಶುರುವಾಗುವ ಫೈಲ್. ಅದು ನಡುವಿನ ಬೈಟ್, ಅದಕ್ಕೆ ತಲೆಯೇ ಇಲ್ಲ.
- ಬೆಸ ಸಂಖ್ಯೆಯ ಬೈಟ್ ಇರುವ ಯುಟಿಎಫ್-16 ಫೈಲ್.
- ಜೋಡಿಯ ಅರ್ಧ ಮಾತ್ರ ಇರುವ ಸರೊಗೇಟ್ (ಯುಟಿಎಫ್-16ರಲ್ಲಿ 4 ಬೈಟ್‌ನ ಅಕ್ಷರದ ಒಂದು ಅರ್ಧ), ನಡುವೆ ಸೊನ್ನೆ ಬೈಟ್, 255ರ ಬೈಟ್, ಬರೀ ಬಿಒಎಂ (ಫೈಲ್‌ನ ಶುರುವಿನಲ್ಲಿ ಎನ್‌ಕೋಡಿಂಗ್ ಸೂಚಿಸುವ ಗುರುತು), ಪೂರ್ತಿ ಖಾಲಿ ಫೈಲ್.

ಎಲ್ಲವನ್ನೂ ಪೈಥಾನ್‌ನಲ್ಲಿ ಬೈನರಿ ಮೋಡ್‌ನಲ್ಲಿ ಬರೆಯಿರಿ. ಎಡಿಟರ್‌ನಲ್ಲೇ ಮಾಡಲು ಹೋಗಬೇಡಿ, ಸೇವ್ ಮಾಡುವಾಗ ಅದು ಕೆಟ್ಟ ಬೈಟನ್ನು ತಾನೇ ಸರಿಮಾಡಿಬಿಡಬಹುದು. ಗಿಟ್‌ನಲ್ಲಿ ಇಡುವಾಗ ಇವು ಬೈನರಿ ಅಂತ ಗುರುತು ಹಾಕಿ. ಇಲ್ಲದಿದ್ದರೆ ಸಾಲಿನ ಕೊನೆ ಬದಲಾಗಿ ಬೆಸ ಫೈಲ್ ಸಮ ಆಗಿಹೋದರೂ ಗೊತ್ತಾಗುವುದಿಲ್ಲ.

## ಹಂತ 3: ಕ್ರ್ಯಾಶ್ ಮಾಡಿಸಿ, ಆಮೇಲೆ ಫೈಲ್ ಸಣ್ಣದು ಮಾಡಿ

ಬೀಳಿಸಿದ ಫೈಲನ್ನು ಅರ್ಧಕ್ಕೆ ಕತ್ತರಿಸಿ. ಇನ್ನೂ ಬೀಳುತ್ತದಾ? ಮತ್ತೆ ಅರ್ಧ. ಕತ್ತರಿಸುವುದು ಬೈಟ್ ಲೆಕ್ಕದಲ್ಲಿ, ಅಕ್ಷರದ ಲೆಕ್ಕದಲ್ಲಿ ಅಲ್ಲ. ಹತ್ತಿಪ್ಪತ್ತು ಬೈಟ್‌ಗೆ ಇಳಿದರೆ ಕಾರಣ ಅರ್ಧ ಗೊತ್ತಾದಂತೆ. ಒಂದು ನಿಶ್ಚಿತ ಅಳತೆಗಿಂತ ಕೆಳಗೆ ಇಳಿಯಲೇ ಒಪ್ಪದಿದ್ದರೆ, ಉದಾಹರಣೆಗೆ 4096ರ ಆಸುಪಾಸು, ಅದೂ ಒಂದು ಸುಳಿವು: ತಪ್ಪು ತುಂಡಿನ ಗಡಿಯಲ್ಲಿದೆ.

## ಹಂತ 4: ವರದಿಯನ್ನು ಕೊನೆಯಿಂದ ಓದಿ

ಹೀಪ್‌ನ (ಪ್ರೋಗ್ರಾಂ ಬೇಕಾದಾಗ ಕೇಳಿ ಪಡೆಯುವ ಮೆಮೊರಿಯ) ತಪ್ಪಿಗೆ ಸ್ಯಾನಿಟೈಸರ್ ಎರಡು ಅಥವಾ ಮೂರು ಸ್ಟ್ಯಾಕ್ ಟ್ರೇಸ್ ಕೊಡುತ್ತದೆ. ಮೊದಲನೆಯದು ತಪ್ಪು ಓದು ಅಥವಾ ಬರಹ ಎಲ್ಲಿ ನಡೆಯಿತು ಅಂತ. ಎರಡನೆಯದು, ಜಾಗ ಫ್ರೀ ಆಗಿದ್ದರೆ, ಎಲ್ಲಿ ಫ್ರೀ ಆಯಿತು ಅಂತ. ಕೊನೆಯದು ಆ ಜಾಗವನ್ನು ಯಾರು ಕೇಳಿ ಪಡೆದರು ಅಂತ. ಎಲ್ಲರೂ ಮೊದಲನೆಯದನ್ನು ಓದಿ ಕೋಡ್ ತೆರೆಯುತ್ತಾರೆ. ನೀವು ಕೊನೆಯದರಿಂದ ಶುರುಮಾಡಿ.

ವರದಿಯಲ್ಲಿ ಇನ್ನೊಂದು ಸಾಲು ಇರುತ್ತದೆ: ಇಷ್ಟು ಬೈಟ್‌ನ ಜಾಗದ ಬಲಕ್ಕೆ ಇಷ್ಟು ಬೈಟ್ ದೂರ, ಅಥವಾ ಎಡಕ್ಕೆ ಇಷ್ಟು ದೂರ. ಹೊಸ ಆವೃತ್ತಿಗಳಲ್ಲಿ ಬಲ ಎಡದ ಬದಲು ನಂತರ, ಮೊದಲು ಅಂತ ಬರುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ. ಅಳತೆಯ ಆಚೆ 0 ಬೈಟ್ ಅಂದರೆ ಕನಿಷ್ಠ ಒಂದು ಬೈಟ್ ಕಡಿಮೆ ಬಿದ್ದಿದೆ, ಹೆಚ್ಚಾಗಿ ಅಳತೆಯ ಲೆಕ್ಕ ಅಥವಾ ಗಡಿಯ ತಪ್ಪು. ಶುರುವಿಗಿಂತ ಮೊದಲು 1 ಬೈಟ್ ಅಂದರೆ ಹಿಂದಕ್ಕೆ ನಡೆಯುವ ಕೋಡ್ ಬಫರ್ ದಾಟಿದೆ. ಟೇಬಲ್‌ನ ಶುರುವಿಗಿಂತ ಮೊದಲು 32 ಬೈಟ್ ಅಂದರೆ ಏನು ಅಂತ ಮುಂದೆ ಹೇಳುತ್ತೇನೆ.

ವಿಶುವಲ್ ಸ್ಟುಡಿಯೋದ ಡೀಬಗ್ ಬಿಲ್ಡ್‌ನಲ್ಲಿ ಸ್ಯಾನಿಟೈಸರ್ ಇಲ್ಲದೆಯೂ ಒಂದು ಗುರುತು ಸಿಗುತ್ತದೆ. ಮೆಮೊರಿ ವಿಂಡೋದಲ್ಲಿ ಸಾಲಾಗಿ ‘ಡಿಡಿ ಡಿಡಿ ಡಿಡಿ’ ಕಂಡರೆ ಅದು ಫ್ರೀ ಆದ ಜಾಗ. ‘ಸಿಡಿ ಸಿಡಿ’ ಅಂದರೆ ಇನ್ನೂ ಏನೂ ತುಂಬದ ಜಾಗ. ‘ಎಫ್‌ಡಿ ಎಫ್‌ಡಿ’ ಅಂದರೆ ಬಫರ್‌ನ ಆಚೀಚೆ ಇಟ್ಟ ಬೇಲಿ.

## ಹಂತ 5: ಯಾವ ಜಾತಿಯ ತಪ್ಪು ಅಂತ ತೀರ್ಮಾನಿಸಿ

ಎನ್‌ಕೋಡಿಂಗ್ ಕೋಡ್‌ನಲ್ಲಿ ಬರುವುದು ಮುಖ್ಯವಾಗಿ ನಾಲ್ಕು. ಜಾತಿ ತೀರ್ಮಾನ ಆಗದೆ ಮುಂದೆ ಹೋಗಬೇಡಿ.

### ಅಳತೆಯ ತಪ್ಪು

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ 8.5.6 ಮತ್ತು ಹಿಂದಿನ ಆವೃತ್ತಿಗಳಲ್ಲಿ ಇದ್ದ ಸಿವಿಇ-2023-40031 (ಸಿವಿಇ ಅಂದರೆ ಬಹಿರಂಗವಾದ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಇದಕ್ಕೆ ಒಳ್ಳೆಯ ಪಾಠ. ಯುಟಿಎಫ್-16 ಫೈಲನ್ನು ಯುಟಿಎಫ್-8ಕ್ಕೆ ಬದಲಿಸುವ ಕೋಡ್ ಅದು. ಪ್ರತಿ 2 ಬೈಟ್‌ಗೆ 3 ಬೈಟ್ ಸಾಕು ಅಂತ ಬಫರ್ ಕೇಳಿತ್ತು. ಬೈಟ್‌ಗಳ ಸಂಖ್ಯೆ ಬೆಸ ಆದಾಗ ಲೆಕ್ಕ ಕೆಟ್ಟು, ಬಫರ್‌ನ ಆಚೆ ಬರಹ ಹೋಗುತ್ತಿತ್ತು.

ಕಾಗದದ ಮೇಲೆ ಮಾಡಿ ನೋಡಿ. ಉದ್ದ, ಅದರ ಅರ್ಧ, ಮೇಲೆ 1 ಅಂತ ಜಾಗ ಕೇಳಿದ್ದೀರಿ. ಒಳಗೆ ಬಂದದ್ದು 8 ಬೈಟ್ ಆದರೆ 8, 4, 1 ಸೇರಿ 13. ಬೇಕಾದ್ದು ನಾಲ್ಕು ಅಕ್ಷರಕ್ಕೆ 12. ಸರಿಯಾಯಿತು. ಬಂದದ್ದು 9 ಬೈಟ್ ಆದರೆ 9, 4, 1 ಸೇರಿ 14. ಉಳಿದ ಒಂಟಿ ಬೈಟನ್ನೂ ಲೂಪ್ ಒಂದು ಅಕ್ಷರ ಅಂತ ತೆಗೆದುಕೊಂಡರೆ ಐದು ಅಕ್ಷರಕ್ಕೆ 15 ಬೇಕು. ಒಂದು ಬೈಟ್ ಹೊರಗೆ. ಬೆಸ ಉದ್ದ ಎಷ್ಟೇ ಇರಲಿ, ಸರಿಯಾಗಿ ಒಂದೇ ಬೈಟ್ ಕಡಿಮೆ ಬೀಳುತ್ತದೆ. ಎಲ್ಲ ಅಕ್ಷರವೂ ಮೂರು ಬೈಟ್‌ನದ್ದಾದಾಗ ಮಾತ್ರ ಬೀಳುವುದರಿಂದ ಇಂಗ್ಲಿಷ್ ಫೈಲ್ ತೆರೆಯುವವರಿಗೆ ಇದು ಎಂದೂ ಕಾಣುವುದಿಲ್ಲ.

ಭಾರತೀಯ ಲಿಪಿಗಳ ಹಳೆಯ ಎನ್‌ಕೋಡಿಂಗ್ ಆದ ಐಎಸ್‌ಸಿಐಐ ಫೈಲ್ ಓದುವ ಕೋಡ್ ಇದ್ದರೆ ಅದನ್ನೂ ನೋಡಿ. ಅಲ್ಲಿ ಅಕ್ಷರ 1 ಬೈಟ್, ಯುಟಿಎಫ್-8ರಲ್ಲಿ 3 ಬೈಟ್. ಎರಡು ಪಟ್ಟು ಸಾಕು ಅಂತ ಯಾರಾದರೂ ಬರೆದಿದ್ದರೆ ಅದು ತಪ್ಪು.

### ಹಳಸಿದ ಪಾಯಿಂಟರ್

ನಾಲ್ಕರಲ್ಲಿ ಇದೇ ಹೆಚ್ಚು ಕಾಡುವುದು. ಪಠ್ಯದ ಒಳಕ್ಕೆ ಒಂದು ಪಾಯಿಂಟರ್ ಹಿಡಿದಿರುತ್ತೀರಿ. ನಡುವೆ ಒಂದು ಫಂಕ್ಷನ್ ಕರೆಯುತ್ತೀರಿ. ನೋಡಲು ಅದಕ್ಕೂ ಪಠ್ಯಕ್ಕೂ ಸಂಬಂಧವೇ ಇಲ್ಲ. ಆದರೆ ಅದು ಒಳಗೊಳಗೇ ಬಫರನ್ನು ಬೇರೆ ಕಡೆಗೆ ಎತ್ತಿಹಾಕುತ್ತದೆ. ಮನೆ ಖಾಲಿ ಮಾಡಿ ಹೋದವರ ಹಳೇ ವಿಳಾಸಕ್ಕೆ ಕಾಗದ ಹಾಕಿದಂತೆ, ನಿಮ್ಮ ಪಾಯಿಂಟರ್ ಅಲ್ಲೇ ನಿಂತಿರುತ್ತದೆ.

ವಿಮ್‌ನ ಸಿವಿಇ-2022-1154 ಇಂಥದ್ದು. ವರದಿಯಲ್ಲಿ ಕ್ರ್ಯಾಶ್ ತೋರಿಸಿದ್ದು ಯುಟಿಎಫ್-8 ಬೈಟ್‌ಗಳಿಂದ ಅಕ್ಷರ ತೆಗೆಯುವ ಫಂಕ್ಷನ್‌ನಲ್ಲಿ. ಆ ಫಂಕ್ಷನ್‌ದು ಏನೂ ತಪ್ಪಿರಲಿಲ್ಲ. ಹಳೆಯ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಜಿನ್ ಒಂದು ಸಾಲನ್ನು ಓದುತ್ತಾ, ನಡುವೆ ಮಾರ್ಕ್‌ನ (ಪಠ್ಯದಲ್ಲಿ ಗುರುತು ಹಾಕಿಟ್ಟ ಕಡೆಯ) ಜಾಗ ಕೇಳಿತ್ತು. ಅದನ್ನು ಕೇಳುವಾಗ ಕೈಯಲ್ಲಿದ್ದ ಸಾಲು ಫ್ರೀ ಆಗಬಹುದಿತ್ತು. 8.2.4646 ಪ್ಯಾಚ್ ಮಾಡಿದ್ದು ಇಷ್ಟೇ: ಮಾರ್ಕ್ ಕೇಳುವ ಮೊದಲು, ಸಾಲಿನ ಶುರುವಿನಿಂದ ಎಷ್ಟು ಬೈಟ್ ಮುಂದೆ ಇದ್ದೇವೆ ಅಂತ ಒಂದು ಸಂಖ್ಯೆ ಇಟ್ಟುಕೊಳ್ಳುವುದು. ಕೇಳಿ ಆದ ಮೇಲೆ ಸಾಲನ್ನು ಮತ್ತೆ ಪಡೆದು ಆ ಸಂಖ್ಯೆ ಕೂಡುವುದು. ಯುಟಿಎಫ್-8 ಫಂಕ್ಷನ್‌ನಲ್ಲಿ ಚೆಕ್ ಹಾಕಿದ್ದರೆ ಈ ತಪ್ಪು ಹಾಗೇ ಉಳಿಯುತ್ತಿತ್ತು.

ಈಮ್ಯಾಕ್ಸ್‌ನಲ್ಲಿ ಇದೇ ಅಪಾಯ ಡಿಕೋಡರ್‌ನ ಒಳಗೇ ಇದೆ. ಒಂದು ಅಕ್ಷರ ಡಿಕೋಡ್ ಮಾಡಲು ಅದರ ಚಾರ್‌ಸೆಟ್ ಮ್ಯಾಪ್ (ಯಾವ ಕೋಡ್‌ಗೆ ಯಾವ ಅಕ್ಷರ ಅನ್ನುವ ಪಟ್ಟಿ) ಬೇಕಾಗಬಹುದು. ಮ್ಯಾಪ್ ಇನ್ನೂ ಲೋಡ್ ಆಗಿರದಿದ್ದರೆ ಆಗ ಲೋಡ್ ಆಗುತ್ತದೆ. ಆ ಹೊತ್ತಿಗೆ ಬಫರ್‌ನ ಪಠ್ಯ ಜಾಗ ಬದಲಿಸಿರಬಹುದು. ಅದಕ್ಕೇ ಅಲ್ಲಿನ ಮ್ಯಾಕ್ರೋ ಅಕ್ಷರ ತೆಗೆದ ಮೇಲೆ ಮೂಲ ಎಷ್ಟು ಸರಿದಿದೆ ಅಂತ ಕೇಳಿ, ಈಗಿನ ಜಾಗ, ಶುರು, ಕೊನೆ ಈ ಮೂರೂ ಪಾಯಿಂಟರ್‌ಗಳಿಗೆ ಆ ವ್ಯತ್ಯಾಸ ಸೇರಿಸುತ್ತದೆ. ಗಮನಿಸಿ, ಮೂರಕ್ಕೂ. ಒಂದನ್ನು ಸರಿಪಡಿಸಿ ಕೊನೆಯ ಪಾಯಿಂಟರನ್ನು ಮರೆತರೆ ಲೂಪ್ ನಿಲ್ಲುವ ಜಾಗವೇ ತಪ್ಪಾಗುತ್ತದೆ.

ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಫಂಕ್ಷನ್ ಬಳಸುವವರು ಇಲ್ಲಿ ಎರಡು ರೀತಿ ಎಡವುತ್ತಾರೆ. ಜಾಗ ಸಾಲದು ಅಂತ ಅದು ಇ2ಬಿಗ್ ಅನ್ನುವ ದೋಷ ಸಂಕೇತ ಕೊಟ್ಟಾಗ ಬಫರ್ ಹಿಗ್ಗಿಸುತ್ತಾರೆ, ಆದರೆ ಬರೆಯುವ ಪಾಯಿಂಟರ್ ಹಳೆಯ ಬಫರ್‌ನಲ್ಲೇ ಉಳಿದಿರುತ್ತದೆ. ಇನ್ನೊಂದು, ಐಕಾನ್ವ್ ನಾವು ಕೊಟ್ಟ ಪಾಯಿಂಟರನ್ನೇ ಮುಂದಕ್ಕೆ ಸರಿಸುತ್ತದೆ. ಕೊನೆಗೆ ಆ ಸರಿದ ಪಾಯಿಂಟರನ್ನೇ ಫ್ರೀ ಮಾಡಿಬಿಡುತ್ತಾರೆ. ಶುರುವಿನ ಪಾಯಿಂಟರ್ ಬೇರೆ ಇಟ್ಟುಕೊಳ್ಳಲೇಬೇಕು.

ಸಿ ಪ್ಲಸ್ ಪ್ಲಸ್‌ನಲ್ಲಿ ಇದರ ತಮ್ಮ ಒಬ್ಬ ಇದ್ದಾನೆ. ಬದಲಿಸುವ ಫಂಕ್ಷನ್ ಒಂದು ಸ್ಟ್ರಿಂಗ್ ವಾಪಸ್ ಕೊಡುತ್ತದೆ. ಅದರ ಒಳಗಿನ ಪಾಯಿಂಟರನ್ನು ಅದೇ ಸಾಲಿನಲ್ಲಿ ತೆಗೆದು ಇಟ್ಟುಕೊಳ್ಳುತ್ತಾರೆ. ಸಾಲು ಮುಗಿಯುವಾಗ ಸ್ಟ್ರಿಂಗ್ ಹೋಯಿತು, ಪಾಯಿಂಟರ್ ಉಳಿಯಿತು.

### ಗಡಿಯ ತಪ್ಪು

ತಲೆಯ ಬೈಟ್ 224 ಕಂಡ ಕೂಡಲೇ ಮುಂದಿನ ಎರಡನ್ನು ಓದುವ ಕೋಡ್. ತುಂಡು ಅಲ್ಲಿಗೇ ಮುಗಿದಿದ್ದರೆ? ಹಿಂದಕ್ಕೆ ನಡೆಯುವ ಕೋಡ್‌ದೂ ಇದೇ ಕತೆ. 128ರಿಂದ 191ರ ನಡುವಿನ ಬೈಟ್ ಇರುವ ತನಕ ಹಿಂದೆ ಹೋಗು ಅಂತ ಬರೆದಿರುತ್ತಾರೆ, ಬಫರ್‌ನ ಶುರುವಿನಲ್ಲಿ ನಿಲ್ಲು ಅಂತ ಬರೆದಿರುವುದಿಲ್ಲ. 178ರಿಂದ ಶುರುವಾಗುವ ಫೈಲ್ ಇದನ್ನು ಹಿಡಿಯುತ್ತದೆ.

### ಸೈನ್ಡ್ ಕ್ಯಾರೆಕ್ಟರ್

ಸಾಮಾನ್ಯ ಪಿಸಿಯ ಕಂಪೈಲರ್‌ಗಳಲ್ಲಿ ‘ಚಾರ್’ ಋಣ ಸಂಖ್ಯೆಯನ್ನೂ ಹಿಡಿಯುತ್ತದೆ. ಹಾಗಾಗಿ 224 ಅನ್ನುವ ಬೈಟ್ −32 ಆಗಿ ಕಾಣುತ್ತದೆ. ಅದನ್ನೇ ಟೇಬಲ್‌ನ ಇಂಡೆಕ್ಸ್ ಮಾಡಿದರೆ ಟೇಬಲ್‌ಗಿಂತ 32 ಜಾಗ ಹಿಂದೆ ಓದುತ್ತೀರಿ. ಹಂತ 4ರಲ್ಲಿ ಹೇಳಿದ 32ರ ಗುಟ್ಟು ಇದು. ಕನ್ನಡದ ಪ್ರತಿ ಅಕ್ಷರವೂ ಯುಟಿಎಫ್-8ರಲ್ಲಿ 224ರಿಂದಲೇ ಶುರುವಾಗುವುದರಿಂದ ಈ −32 ನಮಗೆ ಪದೇ ಪದೇ ಸಿಗುತ್ತದೆ. ಆರ್ಮ್ ಲಿನಕ್ಸ್‌ನಲ್ಲಿ ‘ಚಾರ್’ ಸಾಮಾನ್ಯವಾಗಿ ಅನ್‌ಸೈನ್ಡ್. ನನ್ನ ರಾಸ್ಪ್‌ಬೆರಿ ಪೈನಲ್ಲಿ ಸರಿಯಾಗಿದೆ, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಬೀಳುತ್ತದೆ ಅಂತ ಯಾರಾದರೂ ಹೇಳಿದರೆ ಮೊದಲು ಇದನ್ನೇ ನೋಡಿ.

## ಹಂತ 6: ಈಗ ಕೋಡ್ ತಿದ್ದಿ

ಅಳತೆ ತಪ್ಪಾಗಿದ್ದರೆ ಅಕ್ಷರಗಳ ಸಂಖ್ಯೆಯನ್ನು ಮೇಲಕ್ಕೆ ಪೂರ್ಣಾಂಕ ಮಾಡಿ, ಆಮೇಲೆ 3ರಿಂದ ಗುಣಿಸಿ. ಅಂದರೆ ಉದ್ದಕ್ಕೆ 1 ಕೂಡಿ, 2ರಿಂದ ಭಾಗಿಸಿ, ಆಮೇಲೆ ಗುಣಾಕಾರ. ಕೊನೆಯ ಸೊನ್ನೆಗೆ 1 ಬೇರೆಯಾಗಿ ಸೇರಿಸಿ. ಗುಣಾಕಾರ ಸಂಖ್ಯೆಯ ಮಿತಿ ದಾಟುವುದಿಲ್ಲ ಅಂತಲೂ ನೋಡಿಕೊಳ್ಳಿ. ಸುಮ್ನೆ ಇರಲಿ ಅಂತ 16 ಬೈಟ್ ಜಾಸ್ತಿ ಕೇಳುವುದು ಪರಿಹಾರ ಅಲ್ಲ. ಅದು ತಪ್ಪನ್ನು ಮುಚ್ಚಿಡುತ್ತದೆ, ಮುಂದೆ ಓದುವವರಿಗೆ ಆ 16 ಎಲ್ಲಿಂದ ಬಂತು ಅಂತ ತಿಳಿಯುವುದೂ ಇಲ್ಲ.

ಹಳಸಿದ ಪಾಯಿಂಟರ್ ಆದರೆ ವಿಮ್ ಮಾಡಿದ್ದನ್ನೇ ಮಾಡಿ. ಕರೆಗೆ ಮೊದಲು ಆಫ್‌ಸೆಟ್ (ಶುರುವಿನಿಂದ ಇರುವ ದೂರ) ಉಳಿಸಿ, ಕರೆಯ ನಂತರ ಹೊಸ ಶುರುವಿಗೆ ಕೂಡಿ. ಆಫ್‌ಸೆಟ್ ತೆಗೆಯುವುದು ಕರೆಗೆ ಮೊದಲೇ ಆಗಬೇಕು. ಬಫರ್ ಹೋದ ಮೇಲೆ ಹಳೆಯ ಎರಡು ಪಾಯಿಂಟರ್‌ಗಳನ್ನು ಕಳೆದು ಆಫ್‌ಸೆಟ್ ಪಡೆಯುವುದು ಸಿ ಭಾಷೆಯ ನಿಯಮಕ್ಕೆ ವಿರುದ್ಧ. ಕೆಲಸ ಮಾಡಿದಂತೆ ಕಂಡರೂ ನಂಬಬೇಡಿ. ಒಂದೇ ಫಂಕ್ಷನ್‌ನಲ್ಲಿ ಇಂಥ ಕರೆ ನಾಲ್ಕೈದು ಇದ್ದರೆ, ಪಾಯಿಂಟರ್ ಇಟ್ಟುಕೊಳ್ಳುವುದನ್ನೇ ಬಿಡಿ. ಪೂರ್ತಿ ಆಫ್‌ಸೆಟ್‌ನಲ್ಲೇ ಬರೆಯಿರಿ. ಸ್ವಲ್ಪ ಜಾಸ್ತಿ ಟೈಪ್ ಮಾಡಬೇಕು, ಆದರೆ ನನ್ನ ಪ್ರಕಾರ ಎನ್‌ಕೋಡಿಂಗ್ ಕೋಡ್‌ಗೆ ಅದೇ ಸರಿಯಾದ ದಾರಿ.

ಗಡಿ ತಪ್ಪಾಗಿದ್ದರೆ ಫಂಕ್ಷನ್‌ಗೆ ಉಳಿದ ಉದ್ದವನ್ನೂ ಕೊಡಿ. ಬರೀ ಪಾಯಿಂಟರ್ ತೆಗೆದುಕೊಂಡು, ಕೊನೆಯಲ್ಲಿ ಸೊನ್ನೆ ಇರುತ್ತದೆ ಅಂತ ನಂಬುವ ಡಿಕೋಡರ್ ಫೈಲ್ ಓದುವ ಕಡೆ ಬೇಡ. ಬೈಟ್ ಸಾಲದಿದ್ದರೆ ‘ಇನ್ನೂ ಬೇಕು’ ಅಂತ ಒಂದು ಉತ್ತರ, ಕೆಟ್ಟಿದ್ದರೆ ‘ಕೆಟ್ಟಿದೆ’ ಅಂತ ಬೇರೆ ಉತ್ತರ. ಇವೆರಡನ್ನು ಒಂದೇ ಮಾಡಿದರೆ ತುಂಡಿನ ಗಡಿಯಲ್ಲಿ ಒಳ್ಳೆಯ ಅಕ್ಷರವೂ ಪ್ರಶ್ನೆಚಿಹ್ನೆ ಆಗುತ್ತದೆ. ಉಳಿದ ಒಂದೆರಡು ಬೈಟನ್ನು ಮುಂದಿನ ತುಂಡಿನ ಶುರುವಿಗೆ ಒಯ್ಯಿರಿ.

ಸೈನ್ಡ್ ಆದರೆ ಬೈಟ್ ಓದುವ ಕಡೆಯಲ್ಲೇ ಅನ್‌ಸೈನ್ಡ್ ಮಾಡಿ. ಟೇಬಲ್ ನೋಡುವ ಕಡೆ ಒಂದೊಂದೇ ಕಾಸ್ಟ್ ಹಾಕುತ್ತಾ ಹೋದರೆ ಒಂದಾದರೂ ತಪ್ಪಿಹೋಗುತ್ತದೆ.

ಒಂದು ಪ್ಯಾಚ್‌ನಲ್ಲಿ ಒಂದೇ ತಪ್ಪು. ಪಕ್ಕದಲ್ಲಿ ಇನ್ನೊಂದು ಕಂಡರೆ ಬರೆದಿಟ್ಟುಕೊಳ್ಳಿ, ಜೊತೆಗೆ ಸೇರಿಸಬೇಡಿ.

## ಸರಿಯಾಗಿಲ್ಲ ಅಂತ ಹೇಳುವ ಚಿಹ್ನೆಗಳು

ಪ್ರಿಂಟ್ ಸಾಲು ಸೇರಿಸಿದ ಕೂಡಲೇ ಕ್ರ್ಯಾಶ್ ನಿಂತರೆ ತಪ್ಪು ಹೋಗಿಲ್ಲ, ಮೆಮೊರಿಯ ಜೋಡಣೆ ಬದಲಾಗಿದೆ ಅಷ್ಟೇ. ಡೀಬಗ್ ಬಿಲ್ಡ್‌ನಲ್ಲಿ ಇಲ್ಲದ್ದು ರಿಲೀಸ್‌ನಲ್ಲಿ ಬಂದರೂ ಅದೇ. ನಲ್ ಚೆಕ್‌ನಿಂದ ನಿಂತಿತು ಅನ್ನುವುದನ್ನು ಅನುಮಾನದಿಂದಲೇ ನೋಡಿ. ಹಳಸಿದ ಪಾಯಿಂಟರ್ ನಲ್ ಆಗಿರುವುದಿಲ್ಲ, ಹಾಗಾಗಿ ಆ ಚೆಕ್ ಅದನ್ನು ಹಿಡಿಯಲು ಸಾಧ್ಯವೇ ಇಲ್ಲ. ಕ್ರ್ಯಾಶ್ ಆಗದೆ ಪಠ್ಯದ ನಡುವೆ ಒಂದೆರಡು ಅಕ್ಷರ ಮಾತ್ರ ಕೆಡುತ್ತಿದ್ದರೆ, ಅದೂ ಸುಮಾರು 4 ಸಾವಿರ ಬೈಟ್‌ಗೊಮ್ಮೆ, ಅದನ್ನು ಫಾಂಟ್ ಸಮಸ್ಯೆ ಅಂತ ತಳ್ಳಿಹಾಕಬೇಡಿ.

## ಹಂತ 7: ಮತ್ತೆ ಬರದಂತೆ ನೋಡಿಕೊಳ್ಳಿ

ಹಂತ 3ರಲ್ಲಿ ಸಣ್ಣದು ಮಾಡಿದ ಫೈಲನ್ನು ಟೆಸ್ಟ್‌ಗೆ ಸೇರಿಸಿ. ಪ್ಯಾಚ್ ತೆಗೆದು ಓಡಿಸಿ, ಟೆಸ್ಟ್ ಬೀಳಬೇಕು. ಹಾಕಿ ಓಡಿಸಿ, ಪಾಸಾಗಬೇಕು. ಮೊದಲನೆಯದನ್ನು ಮಾಡದೆ ಬಿಡುವವರೇ ಜಾಸ್ತಿ. ಬೀಳಲಾರದ ಟೆಸ್ಟ್ ಇದ್ದೂ ಇಲ್ಲದಂತೆ.

ಆಮೇಲೆ ಡಿಕೋಡರನ್ನು ಎಡಿಟರ್‌ನಿಂದ ಬಿಡಿಸಿ, ಲಿಬ್‌ಫಜರ್ ಅಥವಾ ಎಎಫ್‌ಎಲ್ ಪ್ಲಸ್ ಪ್ಲಸ್‌ಗೆ (ಬಗೆಬಗೆಯ ಬೈಟ್‌ಗಳನ್ನು ತಾವೇ ಕೊಟ್ಟು ಕೋಡ್ ಪರೀಕ್ಷಿಸುವ ಸಾಧನಗಳಿಗೆ) ಕೊಡಿ. ಬರೀ ಕ್ರ್ಯಾಶ್‌ಗೆ ಕಾಯಬೇಡಿ. ಒಂದೇ ಪಠ್ಯವನ್ನು ಒಟ್ಟಿಗೆ ಡಿಕೋಡ್ ಮಾಡಿ, ಮತ್ತೊಮ್ಮೆ ಒಂದೊಂದೇ ಬೈಟ್‌ನ ತುಂಡು ಕೊಟ್ಟು ಡಿಕೋಡ್ ಮಾಡಿ. ಎರಡರ ಫಲಿತಾಂಶವೂ ಒಂದೇ ಇರಬೇಕು. ತುಂಡಿನ ಗಡಿಯ ತಪ್ಪುಗಳನ್ನು ಇಷ್ಟು ಚೆನ್ನಾಗಿ ಹಿಡಿಯುವ ಬೇರೆ ಪರೀಕ್ಷೆ ನನಗೆ ಗೊತ್ತಿಲ್ಲ. ಶುರುವಿನ ಮಾದರಿಯಾಗಿ ಹಂತ 2ರ ಫೈಲ್‌ಗಳನ್ನೇ ಕೊಡಿ.

ಜನ ಬಳಸುತ್ತಿರುವ ಎಡಿಟರ್‌ನಲ್ಲಿ ಬಫರ್‌ನ ಆಚೆ ಬರೆಯುವ ತಪ್ಪು ಸಿಕ್ಕರೆ, ಎಲ್ಲರಿಗೂ ಕಾಣುವಂತೆ ಹಾಕುವ ಮೊದಲು ಆ ಯೋಜನೆಯ ಸೆಕ್ಯುರಿಟಿ ವಿಳಾಸಕ್ಕೆ ಖಾಸಗಿಯಾಗಿ ತಿಳಿಸಿ. ಯಾರೋ ಕಳಿಸಿದ ಫೈಲ್ ತೆರೆದರೆ ಸಾಕು, ಅಂಥ ತಪ್ಪು ದಾಳಿಯ ದಾರಿ ಆಗಬಹುದು. ವರದಿಯಲ್ಲಿ ಮೂರು ವಿಷಯ ಇರಲಿ: ಸಣ್ಣ ಮಾಡಿದ ಫೈಲ್, ಸ್ಯಾನಿಟೈಸರ್‌ನ ಎಲ್ಲ ಸ್ಟ್ಯಾಕ್‌ಗಳು, ಮತ್ತು ಪಾಯಿಂಟರ್ ಅಥವಾ ಅಳತೆ ಯಾವ ಸಾಲಿನಲ್ಲಿ ಹುಟ್ಟಿ, ಯಾವ ಕರೆಯಲ್ಲಿ ಕೆಟ್ಟಿತು ಅಂತ ಎರಡು ವಾಕ್ಯ.